ಹಸಿರು ಮೂರು ತಿಂಗಳು: ಮಸಾಫರ್ ಯತ್ತಾದ ಕುರಿಗಾಹಿಗಳ ಊರಿನಲ್ಲಿ ದಿನ ಹೇಗೆ ಕಳೆಯುತ್ತದೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮೊನ್ನೆ ಗಾಜಾ ಚರ್ಚೆಯಲ್ಲಿ ಒಬ್ಬರು "ವೆಸ್ಟ್ ಬ್ಯಾಂಕ್‌ನಲ್ಲಿ ಯುದ್ಧವೇ ಇಲ್ಲವಲ್ಲ, ಅಲ್ಲಿಯವರಿಗೆ ಏನು ತೊಂದರೆ?" ಅಂತ ಕೇಳಿದ್ದರು. ಅಲ್ಲಿ ಉತ್ತರ ಬರೆದರೆ ಜಗಳದಲ್ಲಿ ಮುಳುಗಿ ಹೋಗುತ್ತದೆ ಅಂತ ಇಲ್ಲಿ ಬೇರೆಯಾಗಿ ಬರೆಯುತ್ತಿದ್ದೇನೆ.

ನಾನು ಇಂಗ್ಲೆಂಡಿನಲ್ಲಿ ಇರುವವಳು, ಊರು ಶಿವಮೊಗ್ಗ ಕಡೆ. 2018ರಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸ್ವಯಂಸೇವಕಿಯಾಗಿ ವೆಸ್ಟ್ ಬ್ಯಾಂಕ್‌ನಲ್ಲಿ (ಇಸ್ರೇಲಿ ಸೈನ್ಯದ ಹಿಡಿತದಲ್ಲಿರುವ ಪ್ಯಾಲೆಸ್ತೀನಿ ಪ್ರದೇಶ), ಹೆಬ್ರಾನ್‌ನ ದಕ್ಷಿಣದ ಗುಡ್ಡಗಳಲ್ಲಿ ಇದ್ದೆ. ಮಸಾಫರ್ ಯತ್ತಾ ಅಂತಾರೆ. ಜಿನ್ಬಾ, ತೂಬಾ, ಅಲ್ ಫಖೀತ್, ಅಲ್ ಮಜಾಜ್ ಹೀಗೆ ಚದುರಿದ ಸಣ್ಣ ಸಣ್ಣ ಹಳ್ಳಿಗಳು. ಹಳ್ಳಿ ಅಂದರೆ ಹತ್ತು ಹದಿನೈದು ಮನೆ. ಕೆಲವರು ಇವತ್ತಿಗೂ ಗುಹೆಯಲ್ಲಿ ಇರುತ್ತಾರೆ. ನಮ್ಮ ಕೆಲಸ ದೊಡ್ಡದೇನಲ್ಲ. ಕುರಿ ಮೇಯಿಸುವವರ ಜೊತೆ ನಡೆಯೋದು, ಕ್ಯಾಮೆರಾ ಹಿಡಿದು ನಿಲ್ಲೋದು. ಹೊರಗಿನವರು ನೋಡುತ್ತಿದ್ದಾರೆ ಅಂದರೆ ಹೊಡೆತ ಸ್ವಲ್ಪ ಕಡಿಮೆಯಾಗುತ್ತದೆ ಅನ್ನೋ ಲೆಕ್ಕ. ಆಗ ಆ ಲೆಕ್ಕ ಸುಮಾರಾಗಿ ನಡೆಯುತ್ತಿತ್ತು.

ಒಂದು ಬೆಳಗಿನ ಬಗ್ಗೆ ಹೇಳುತ್ತೇನೆ. ನಾನಿದ್ದ ಮನೆಯ ಯಜಮಾನನನ್ನು ಎಲ್ಲರೂ ಹಿರಿಮಗನ ಹೆಸರು ಸೇರಿಸಿ "ಅಬು ಇಂಥವರು" ಅಂತ ಕರೆಯುತ್ತಿದ್ದರು. ಹೆಸರು ಬೇಡ, ಅಬು ಅಂತಲೇ ಇಟ್ಟುಕೊಳ್ಳಿ. ಇನ್ನೂ ಕತ್ತಲಿರುವಾಗಲೇ ಅವರ ಹೆಂಡತಿ ಹಾಲು ಕರೆಯಲು ಕೂರುತ್ತಿದ್ದರು. ಕುರಿಗಳನ್ನು ಎರಡು ಸಾಲು ಮಾಡಿ, ಮುಖಕ್ಕೆ ಮುಖ ಕೊಟ್ಟು, ಕತ್ತುಗಳನ್ನು ಒಂದರ ಪಕ್ಕ ಒಂದು ಹೆಣೆದಂತೆ ಒಂದೇ ಹಗ್ಗದಲ್ಲಿ ಕಟ್ಟುತ್ತಾರೆ. ಹೆಂಗಸರು ಹಿಂದಿನಿಂದ ಒಂದೊಂದಾಗಿ ಕರೆಯುತ್ತಾ ಹೋಗುತ್ತಾರೆ. ಹಗ್ಗದ ತುದಿ ಎಳೆದರೆ ಅಷ್ಟೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಮೂರು ತಿಂಗಳು ನೋಡಿದರೂ ಆ ಗಂಟು ನನಗೆ ಹತ್ತಲಿಲ್ಲ.

ಆಮೇಲೆ ಅಬು ಹೊರಗೆ ಬಂದು ಮೊದಲು ನೋಡುತ್ತಿದ್ದದ್ದು ಮೋಡ ಅಲ್ಲ, ಎದುರಿನ ಗುಡ್ಡ. ಅಲ್ಲಿ ಒಂದು ಔಟ್‌ಪೋಸ್ಟ್ ಇತ್ತು. ಅಂದರೆ ವಸಾಹತುಗಾರರು (ಪ್ಯಾಲೆಸ್ತೀನಿ ಪ್ರದೇಶಕ್ಕೆ ಬಂದು ನೆಲೆಸುವ ಇಸ್ರೇಲಿಗಳು) ಹಾಕಿಕೊಂಡ ಬಿಡಾರ. ನಾಲ್ಕು ಕ್ಯಾರವಾನ್, ಒಂದು ಕೊಟ್ಟಿಗೆ. ಅಲ್ಲಿಂದ ಗಾಡಿ ಹೊರಟರೆ ನಾವು ಹಳ್ಳದ ಕಡೆ, ಹೊರಡದಿದ್ದರೆ ಇಳಿಜಾರಿನ ಕಡೆ.

ಆ ದಿನ ಗಾಡಿ ಹೊರಡಲಿಲ್ಲ. ಇಳಿಜಾರಿಗೆ ಹೋದೆವು. ಹುಲ್ಲು ಮೊಣಕಾಲಿನವರೆಗೆ ಇತ್ತು. ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು. ಅರ್ಧ ಗಂಟೆ ಆಗಿತ್ತೋ ಇಲ್ಲವೋ, ನಾಲ್ಕು ಚಕ್ರದ ಬೈಕ್ ಒಂದು ಮೇಲಿನಿಂದ ಸೀದಾ ಮಂದೆಯ ನಡುವೆ ನುಗ್ಗಿತು. ಓಡಿಸುತ್ತಿದ್ದವನಿಗೆ ಹದಿನೆಂಟು ಇರಬಹುದು. ಗಬ್ಬದ ಕುರಿಗಳು ದಿಕ್ಕಾಪಾಲಾಗಿ ಓಡಿದವು. ಅವನು ಫೋನ್ ಮಾಡಿದ, ಹತ್ತು ನಿಮಿಷಕ್ಕೆ ಇಸ್ರೇಲಿ ಸೈನ್ಯದ ಜೀಪು ಬಂತು. ಸೈನಿಕ ಒಂದು ಕಾಗದ ತೋರಿಸಿದ: ಈ ಜಾಗ ಇವತ್ತು ಮುಚ್ಚಿದ ಸೇನಾ ವಲಯ, ಎಲ್ಲರೂ ಹೊರಡಿ. ಎಲ್ಲರೂ ಅಂದರೆ ನಾವು. ಬೈಕಿನವನು ಅಲ್ಲೇ ಕೂತು ನೋಡುತ್ತಿದ್ದ.

ಎಂಟೂವರೆಗೆ ಕುರಿ ಮತ್ತೆ ದೊಡ್ಡಿಗೆ. ಹೊಟ್ಟೆ ತುಂಬದ ಕುರಿ ಸುಮ್ಮನಿರುತ್ತವಾ? ಮಧ್ಯಾಹ್ನದವರೆಗೂ ಅರಚಿದವು. ಅಬು ಚೀಲ ಬಿಚ್ಚಿ ಜವೆಗೋಧಿ ಸುರಿದರು. ಸುರಿಯುವಾಗ ಎಣಿಸುತ್ತಿದ್ದರು. ಕುರಿಗಳನ್ನಲ್ಲ, ಚೀಲಗಳನ್ನು.

---

ಕಂಬಳಿ_ಕೋಲು
ಮೇಡಂ, ನಮ್ಮದು ಚಿತ್ರದುರ್ಗ ಕಡೆ ಕುರಿ ಸಾಕೋ ಮನೆ. ರಾಜಕೀಯ ನನಗೆ ಗೊತ್ತಾಗಲ್ಲ. ಆದರೆ ನೀವು ಕೊನೆಗೆ ಬರೆದಿದ್ದು ಓದಿ ಹೊಟ್ಟೆ ಚುರ್ ಅಂತು. ಹಸಿರಿರುವಾಗ ಚೀಲ ಬಿಚ್ಚುವುದು ಅಂದರೆ ಅವನ ಕಥೆ ಮುಗಿದ ಹಾಗೆ.

ಯಾವ ಜಾತಿ ಕುರಿ? ಎಷ್ಟಿದ್ದವು? ಮಳೆ ಎಷ್ಟು ಅಲ್ಲಿ?

---

ತುಂಗಾತೀರ
ಅವಾಸಿ ಅಂತಾರೆ ಅಣ್ಣ. ಬಿಳಿ ಮೈ, ಕಂದು ಮುಖ, ಬಾಲ ಅಗಲಕ್ಕೆ ದಪ್ಪಗೆ ಕೊಬ್ಬು ತುಂಬಿರುತ್ತದೆ. ಬರಗಾಲಕ್ಕೆ ಅದೇ ಅದರ ಬ್ಯಾಂಕು. ಜೊತೆಗೆ ಕಪ್ಪು ಆಡುಗಳು. ನಾನಿದ್ದ ಮನೆಯಲ್ಲಿ ಆಗ ಎಲ್ಲಾ ಸೇರಿ ಸುಮಾರು 140.

ಮಳೆ ಚಳಿಗಾಲದಲ್ಲಿ ಮಾತ್ರ, ಅದೂ ಕಡಿಮೆ. ಮರುಭೂಮಿಯ ಅಂಚು ಅದು. ಹಸಿರು ಅಂದರೆ ಫೆಬ್ರವರಿ, ಮಾರ್ಚ್, ಏಪ್ರಿಲ್. ಮರಿ ಹಾಕೋದು, ಹಾಲು ಇಳಿಯೋದು ಎಲ್ಲ ಅದೇ ಹೊತ್ತಿಗೆ. ಆ ಮೂರು ತಿಂಗಳಲ್ಲಿ ಬಿಟ್ಟಿ ಮೇವು ಸಿಕ್ಕರೆ ಉಳಿದ ಒಂಬತ್ತು ತಿಂಗಳಿಗೆ ಬೂಸಾ, ಜವೆಗೋಧಿ ಕೊಳ್ಳಲು ಕಾಸು ಉಳಿಯುತ್ತದೆ. ಹಾಲಿನಲ್ಲಿ ಬೆಣ್ಣೆ ತೆಗೆದು, ಮಜ್ಜಿಗೆಯನ್ನು ಗಟ್ಟಿ ಮಾಡಿ, ಉಪ್ಪು ಹಾಕಿ ಉಂಡೆ ಕಟ್ಟಿ ಮಾಡಿನ ಮೇಲೆ ಒಣಗಿಸುತ್ತಾರೆ. ಜಮೀದ್ ಅಂತಾರೆ. ಕಲ್ಲಿನ ಹಾಗೆ ಆಗುತ್ತದೆ, ವರ್ಷ ಇಟ್ಟರೂ ಕೆಡೋದಿಲ್ಲ. ಅದನ್ನು ಮಾರಿದ ದುಡ್ಡೇ ಮನೆಯ ನಗದು.

---

ಕಂಬಳಿ_ಕೋಲು
ಹಾಗಾದರೆ ಮನೆ ಕೆಡವಬೇಕಾಗಿಲ್ಲ. ಫೆಬ್ರವರಿಯಲ್ಲಿ ಒಂದು ಇಳಿಜಾರಿನಲ್ಲಿ ಮೇಯಿಸೋದನ್ನು ನಿಲ್ಲಿಸಿದರೆ ಸಾಕು. ಸಾಲ ಮಾಡಿ ಮೇವು ತರ್ತಾನೆ, ಸಾಲ ತೀರಿಸೋಕೆ ಕುರಿ ಮಾರ್ತಾನೆ, ಕುರಿ ಕಡಿಮೆ ಆದರೆ ಹಾಲು ಕಡಿಮೆ. ಮೂರನೇ ವರ್ಷಕ್ಕೆ ಅವನೇ ಗಂಟು ಕಟ್ತಾನೆ. ಯಾರೂ ಓಡಿಸಿದ ಹಾಗೆ ಕಾಣೋದೂ ಇಲ್ಲ.

---

ಪ್ರಶ್ನೆ_ಮಾರ್ಕ್
ಒಂದೇ ಕಡೆಯ ಕಥೆ ಆಯ್ತಲ್ವಾ ಇದು? 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1200 ಜನರನ್ನು ಕೊಂದಿತು. ವೆಸ್ಟ್ ಬ್ಯಾಂಕ್‌ನಲ್ಲೂ ಇಸ್ರೇಲಿಗಳ ಮೇಲೆ ಗುಂಡಿನ ದಾಳಿ ಆಗಿದೆ, ಕುಟುಂಬಗಳೇ ಸತ್ತಿವೆ. ಅವರಿಗೆ ಭಯ ಇರೋದಿಲ್ಲವಾ? ಸೈನ್ಯ ಸುಮ್ನೆ ಯಾಕೆ ಜಾಗ ಮುಚ್ಚುತ್ತದೆ? ಅದು ಅವರ ಫೈರಿಂಗ್ ರೇಂಜ್ ಅಂತ ಕೇಳಿದ್ದೇನೆ. ನಮ್ಮಲ್ಲೂ ಫೈರಿಂಗ್ ರೇಂಜ್ ಒಳಗೆ ದನ ಬಿಟ್ಟರೆ ಸೈನ್ಯ ಕೇಳುತ್ತದೆ.

---

ಲಾಯರ್_ಅಲ್ಲ
ಭಯದ ಮಾತು ನಿಜ, ಅದನ್ನು ತಳ್ಳಿಹಾಕೋದು ಬೇಡ. ಆದರೆ ಫೈರಿಂಗ್ ರೇಂಜ್ ಕಥೆ ಸ್ವಲ್ಪ ನಿಧಾನಕ್ಕೆ ನೋಡಿ ಸರ್.

1980ರ ದಶಕದ ಶುರುವಿನಲ್ಲಿ ಆ ಗುಡ್ಡಗಳ ಸುಮಾರು 30,000 ದುನಮ್ ಜಾಗವನ್ನು "ಫೈರಿಂಗ್ ಜೋನ್ 918" ಅಂತ ಸೈನ್ಯ ಘೋಷಿಸಿತು. ಎಕರೆಯಲ್ಲಿ ಏಳು ಸಾವಿರ ಚಿಲ್ಲರೆ. 1981ರ ಒಂದು ಸಭೆಯ ನಡಾವಳಿ ಈಗ ಹೊರಗೆ ಬಂದಿದೆ. ಆಗ ಕೃಷಿ ಮಂತ್ರಿಯಾಗಿದ್ದ ಏರಿಯಲ್ ಶರೋನ್ ಅದರಲ್ಲಿ ಸೈನ್ಯಕ್ಕೆ ತರಬೇತಿ ಜಾಗ ಕೊಡುತ್ತೇವೆ ಅನ್ನುತ್ತಾರೆ, ಕಾರಣವನ್ನೂ ಅಲ್ಲೇ ಹೇಳುತ್ತಾರೆ: ಗುಡ್ಡದ ಅರಬ್ ಹಳ್ಳಿಗರು ಆ ಕಡೆ ಹರಡುವುದನ್ನು ತಡೆಯಬೇಕು ಅಂತ. ಅಂದರೆ ರೇಂಜ್ ಒಳಗೆ ಜನ ನುಗ್ಗಿದ್ದಲ್ಲ. ಜನ ಇದ್ದ ಕಡೆ ರೇಂಜ್ ಬಂತು.

1999ರ ನವೆಂಬರ್‌ನಲ್ಲಿ ಸುಮಾರು 700 ಜನರನ್ನು ಲಾರಿಯಲ್ಲಿ ತುಂಬಿ ಹೊರಗೆ ಬಿಟ್ಟರು. 2000ದಲ್ಲಿ ಇಸ್ರೇಲಿನ ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟು ವಾಪಸ್ ಹೋಗಲು ಬಿಟ್ಟಿತು. ಆಮೇಲೆ ಇಪ್ಪತ್ತೆರಡು ವರ್ಷ ಕೇಸು ನಡೆಯಿತು. 2022ರ ಮೇ 4ರಂದು ಕೋರ್ಟು ಸೈನ್ಯದ ಪರ ತೀರ್ಪು ಕೊಟ್ಟಿತು. ಹಳ್ಳಿಗರು ಅಲ್ಲಿ ಕಾಯಂ ಇದ್ದರು ಅನ್ನೋದು ಸಾಬೀತಾಗಿಲ್ಲ ಅಂತ ಕಾರಣ. ಋತುವಿಗೆ ತಕ್ಕಂತೆ ಗುಹೆಗೂ ಯತ್ತಾ ಪಟ್ಟಣಕ್ಕೂ ಓಡಾಡುವ ಕುರಿಗಾಹಿಗಳು "ಕಾಯಂ" ಅಂತ ಯಾವ ಕಾಗದದಲ್ಲಿ ತೋರಿಸಬೇಕು ಹೇಳಿ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1858ರ ಒಟ್ಟೋಮನ್ ಭೂ ಕಾನೂನು ಅಲ್ಲಿ ಇನ್ನೂ ಜೀವಂತ. ಉಳುಮೆ ಮಾಡಿದ ಜಮೀನಿನ ಮೇಲೆ ಹಕ್ಕು ಹುಟ್ಟುತ್ತದೆ, ಮೇಯಿಸಿದ್ದಕ್ಕೆ ಹುಟ್ಟೋದಿಲ್ಲ. ಕಲ್ಲುಗುಡ್ಡವನ್ನು ಯಾರು ಉಳುತ್ತಾರೆ? ಹಾಗಾಗಿ ನಮ್ಮ ಗೋಮಾಳದ ಥರದ್ದೆಲ್ಲ "ಸರಕಾರಿ ಜಮೀನು" ಅಂತ ಘೋಷಣೆ ಆಗುತ್ತದೆ. ಆಮೇಲೆ ಅದು ಯಾರಿಗೆ ಸಿಗುತ್ತದೆ ಅನ್ನೋದು ಬೇರೆ ಪ್ರಶ್ನೆ.

ಅಂದ ಹಾಗೆ, ಸರಕಾರದ ಅನುಮತಿ ಇಲ್ಲದೆ ಎದ್ದ ಔಟ್‌ಪೋಸ್ಟ್‌ಗಳು ಇಸ್ರೇಲಿನ ಸ್ವಂತ ಕಾನೂನಿನ ಪ್ರಕಾರವೂ ಅಕ್ರಮ. ಆದರೂ ಎಷ್ಟೋ ಕಡೆ ಕರೆಂಟು, ನೀರು, ರಸ್ತೆ ಬರುತ್ತದೆ.

---

ಪ್ರಶ್ನೆ_ಮಾರ್ಕ್
1981ರ ನಡಾವಳಿ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಔಟ್‌ಪೋಸ್ಟ್‌ನವರೂ ಕುರಿ ಮೇಯಿಸುವವರೇ ಅಂತ ಓದಿದ್ದೇನೆ. ಇಬ್ಬರು ಕುರಿಗಾಹಿಗಳ ನಡುವೆ ಹುಲ್ಲಿಗೆ ಜಗಳ ಎಲ್ಲ ಕಡೆ ಇದ್ದದ್ದೇ.

---

ಕಂಬಳಿ_ಕೋಲು
ಇದೆ ಸರ್, ನಮ್ಮಲ್ಲೂ ಇದೆ. ಹೊಲಕ್ಕೆ ಮಂದೆ ನುಗ್ಗಿದರೆ ಹೊಡೆದಾಟ ಆಗುತ್ತದೆ. ಆಮೇಲೆ ಪಂಚಾಯ್ತಿ, ದಂಡ, ಒಂದು ಕಪ್ ಚಾ. ಒಬ್ಬ ಕುರಿಗಾಹಿ ಫೋನ್ ಮಾಡಿದರೆ ಜೀಪು ಬರುತ್ತದೆ, ಇನ್ನೊಬ್ಬ ಮಾಡಿದರೆ ಬರೋದಿಲ್ಲ ಅಂದರೆ ಅದು ಕುರಿಗಾಹಿಗಳ ಜಗಳ ಅಲ್ಲ.

---

ಲಾಯರ್_ಅಲ್ಲ
ಅದಕ್ಕೇ ಅಂಕಿ ಇದೆ. ಯೆಶ್ ದಿನ್ ಅನ್ನೋ ಇಸ್ರೇಲಿ ಸಂಸ್ಥೆ ವಸಾಹತುಗಾರರ ಹಿಂಸೆಯ ಪೊಲೀಸ್ ಕೇಸುಗಳನ್ನು 2005ರಿಂದ ಹಿಂಬಾಲಿಸುತ್ತಾ ಬಂದಿದೆ. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಕೇಸು ಆರೋಪಪಟ್ಟಿಯೇ ಇಲ್ಲದೆ ಮುಚ್ಚಿವೆ.

ಮತ್ತೆ, ಕುರಿ ಔಟ್‌ಪೋಸ್ಟ್ ಯಾಕೆ ಅಂದರೆ ಅದು ಅಗ್ಗ. ಮನೆ ಕಟ್ಟಿ ಹಿಡಿಯುವ ಜಾಗ ಸ್ವಲ್ಪ. ಎರಡು ಕುಟುಂಬ, ನಾಲ್ಕಾರು ಹುಡುಗರು, ಒಂದು ಮಂದೆ ಇದ್ದರೆ ಗುಡ್ಡಗಳ ಸಾಲನ್ನೇ ಹಿಡಿಯಬಹುದು. ಪೀಸ್ ನೌ ಮತ್ತು ಕೆರೆಮ್ ನವೋತ್ ಎಂಬ ಎರಡು ಇಸ್ರೇಲಿ ಸಂಸ್ಥೆಗಳು ಸೇರಿ ಮಾಡಿದ ಲೆಕ್ಕದಲ್ಲಿ, ಹೀಗೆ ಮೇಯಿಸಿಯೇ ಹಿಡಿದ ಜಾಗ ವೆಸ್ಟ್ ಬ್ಯಾಂಕ್‌ನ ಸುಮಾರು 14%.

---

ಉಡುಪಿ_ಬೇರ್‌ಶೆಬಾ
ನಾನು ಇಸ್ರೇಲಿನಲ್ಲಿ ಕೇರ್‌ಗಿವರ್. ಬೇರ್‌ಶೆಬಾದಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ನಮ್ಮ ಕರಾವಳಿಯವರು ಇಲ್ಲಿ ತುಂಬಾ ಜನ ಇದ್ದೇವೆ, ನಿಮಗೆ ಗೊತ್ತಲ್ಲ.

ನೀವು ಹೇಳುತ್ತಿರುವ ಗುಡ್ಡ ಇಲ್ಲಿಂದ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಆದರೆ ಎಷ್ಟೋ ವರ್ಷ ನನಗೆ ಅದರ ಹೆಸರೇ ಗೊತ್ತಿರಲಿಲ್ಲ. ಇಲ್ಲಿಯವರಿಗೂ ಹಾಗೇ. ಸೈರನ್ ಬಂದಾಗ ಅಜ್ಜಿಯನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಶೆಲ್ಟರ್‌ಗೆ ಓಡಿದವನು ನಾನು. ಆ ಭಯ ಸುಳ್ಳಲ್ಲ. ಅಕ್ಟೋಬರ್ 7 ಆದಮೇಲೆ ಈ ಮನೆಯಲ್ಲಿ ವಾರಗಟ್ಟಲೆ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆದರೆ ಒಂದು ಮಾತು. ಅಜ್ಜಿಯ ಮೊಮ್ಮಗಳು ಶನಿವಾರಗಳಂದು ಆ ಕಡೆ ಹೋಗುತ್ತಾಳೆ, ಕುರಿಗಾಹಿಗಳ ಜೊತೆ ನಿಲ್ಲೋಕೆ. ಮನೆಯಲ್ಲಿ ಆ ವಿಷಯ ಎತ್ತೋ ಹಾಗಿಲ್ಲ. ಒಂದು ಸಲ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದಳು. ಅಜ್ಜಿ ಏನೂ ಕೇಳಲಿಲ್ಲ, ನನ್ನನ್ನು ಕರೆದು "ಅವಳಿಗೆ ಸೂಪ್ ಬಿಸಿ ಮಾಡು" ಅಂದರು. ಅಷ್ಟೇ.

---

ಮಲ್ನಾಡ್_ಮೇಷ್ಟ್ರು
ಶನಿವಾರ ಹೋಗುವವರು ಅಂದ ಕೂಡಲೇ ನೆನಪಾಯಿತು. ದಕ್ಷಿಣ ಭಾರತದ ಸಾಹಿತ್ಯ ಓದುವವರಿಗೆ ಡೇವಿಡ್ ಶುಲ್ಮನ್ ಹೆಸರು ಗೊತ್ತಿರುತ್ತದೆ. ತೆಲುಗು, ತಮಿಳು, ಸಂಸ್ಕೃತ ಬಲ್ಲ ಜೆರುಸಲೇಮಿನ ಪ್ರೊಫೆಸರ್. ತಾಯುಷ್ ಅನ್ನೋ ಯಹೂದಿ-ಅರಬ್ ಗುಂಪಿನ ಜೊತೆ ಇದೇ ಗುಡ್ಡಗಳಿಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಹೋಗುತ್ತಿದ್ದಾರೆ. 2016ರಲ್ಲಿ ಇಸ್ರೇಲ್ ಪ್ರಶಸ್ತಿ ಬಂತು, ಅಲ್ಲಿಯ ಅತಿ ದೊಡ್ಡ ಸರಕಾರಿ ಗೌರವ. ಅದರ ಹಣವನ್ನು ಇದೇ ತಾಯುಷ್‌ಗೆ ಕೊಟ್ಟರು. ಕಾವ್ಯದ ಮೇಷ್ಟ್ರು ಕುರಿ ಹಿಂದೆ ನಡೆಯೋದನ್ನು ಯೋಚಿಸಿದರೆ ನನಗೆ ಏನೋ ಒಂಥರಾ ಖುಷಿ.

ತುಂಗಾತೀರ ಅವರೇ, ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ? ಮೇಷ್ಟ್ರ ಬುದ್ಧಿ, ಕೇಳದೆ ಇರೋಕೆ ಆಗಲ್ಲ.

---

ತುಂಗಾತೀರ
ಮೇಷ್ಟ್ರೇ, ಒಳ್ಳೆ ಪ್ರಶ್ನೆ. ತೂಬಾದ ಮಕ್ಕಳಿಗೆ ಶಾಲೆ ಅತ್‌ತುವಾನಿಯಲ್ಲಿ. ನೇರ ದಾರಿ ಮಾಓನ್ ವಸಾಹತಿಗೂ ಹವಾತ್ ಮಾಓನ್ ಔಟ್‌ಪೋಸ್ಟಿಗೂ ನಡುವೆ ಹಾದು ಹೋಗುತ್ತದೆ. ಆ ದಾರಿಯಲ್ಲಿ ಮಕ್ಕಳಿಗೆ ಹೊಡೆತ ಬೀಳುತ್ತಿತ್ತು. ಜೊತೆಗೆ ನಡೆದ ವಿದೇಶಿ ಸ್ವಯಂಸೇವಕರಿಗೂ 2004ರಲ್ಲಿ ಚೆನ್ನಾಗಿ ಹೊಡೆದರು. ಅದು ದೊಡ್ಡ ಸುದ್ದಿಯಾಗಿ, ಆ ವರ್ಷದಿಂದ ಸೈನ್ಯದ ಜೀಪು ಮಕ್ಕಳ ಜೊತೆ ಹೋಗಬೇಕು ಅಂತ ಆಯಿತು.

ನಾನಿದ್ದಾಗಿನ ದೃಶ್ಯ ಊಹಿಸಿಕೊಳ್ಳಿ. ಬೆನ್ನಿಗೆ ಚೀಲ ಹಾಕಿದ ಮಕ್ಕಳು ಕಲ್ಲಿನ ಮೇಲೆ ಕೂತು ಜೀಪಿಗೆ ಕಾಯುತ್ತಾರೆ. ಜೀಪು ಬಂದರೆ ಅದರ ಪಕ್ಕ ಓಡುನಡಿಗೆಯಲ್ಲಿ ಹೋಗುತ್ತಾರೆ. ತಡವಾದರೆ ಮೊದಲ ಪಿರಿಯಡ್ ಹೋಯಿತು. ಬರದಿದ್ದರೆ ಗುಡ್ಡ ಸುತ್ತಿ ದೂರದ ದಾರಿ. ಒಂದು ಹುಡುಗಿ ನನಗೆ ಜೀಪಿನ ಶಬ್ದದಿಂದಲೇ ಇವತ್ತಿನ ಡ್ರೈವರ್ ನಿಧಾನಕ್ಕೆ ಓಡಿಸುತ್ತಾನೋ ಜೋರಾಗಿ ಓಡಿಸುತ್ತಾನೋ ಹೇಳುತ್ತಿದ್ದಳು. ಜೋರಾಗಿ ಓಡಿಸುವವನಿದ್ದರೆ ಮೊದಲೇ ಶೂ ಲೇಸು ಬಿಗಿ ಮಾಡಿಕೊಳ್ಳುತ್ತಿದ್ದಳು.

---

ಸುಮ್ನೆ_ಓದುವವ
ನೀರು, ಕರೆಂಟು?

---

ತುಂಗಾತೀರ
ಕರೆಂಟು ಸೋಲಾರ್. ಕೋಮೆಟ್ ಅನ್ನೋ ಇಸ್ರೇಲಿ-ಪ್ಯಾಲೆಸ್ತೀನಿ ಸಂಸ್ಥೆ ಎಷ್ಟೋ ಹಳ್ಳಿಗೆ ಹಾಕಿಕೊಟ್ಟಿದೆ. ಮೊಬೈಲ್, ಬಲ್ಬು, ಒಂದು ಸಣ್ಣ ಫ್ರಿಜ್, ಬೆಣ್ಣೆ ಕಡೆಯುವ ಮೋಟಾರು. ಮೊದಲು ಚರ್ಮದ ಚೀಲಕ್ಕೆ ಮೊಸರು ಹಾಕಿ ಗಂಟೆಗಟ್ಟಲೆ ತೂಗುತ್ತಿದ್ದರಂತೆ. ಈಗ ಮೋಟಾರು. ಗಲಾಟೆಯಾದಾಗ ಮೊದಲು ಒಡೆಯುವುದು ಪ್ಯಾನೆಲ್‌ಗಳನ್ನೇ.

ನೀರಿಗೆ ಬಂಡೆ ಕೊರೆದ ಹಳೆಯ ತೊಟ್ಟಿಗಳಿವೆ, ಮಳೆ ನೀರು ಇಳಿಯುತ್ತದೆ. ಅದು ಬೇಸಿಗೆಗೆ ಸಾಲೋದಿಲ್ಲ, ಟ್ಯಾಂಕರ್ ತರಿಸಬೇಕು. ಕೆಟ್ಟ ರಸ್ತೆ, ಆದ್ದರಿಂದ ಬಾಡಿಗೆ ನೀರಿಗಿಂತ ಜಾಸ್ತಿ. ಪೈಪು ಇಲ್ಲದ ಇಂಥ ಹಳ್ಳಿಗಳಲ್ಲಿ ತಲೆಗೆ ದಿನಕ್ಕೆ ಸುಮಾರು 26 ಲೀಟರ್ ಅಂತ ಬೆತ್ಸೆಲೆಮ್ ಅನ್ನೋ ಇಸ್ರೇಲಿ ಮಾನವ ಹಕ್ಕು ಸಂಸ್ಥೆಯ ಲೆಕ್ಕ. ಇಸ್ರೇಲಿಗಳಿಗೆ ಅದರ ಒಂಬತ್ತು ಪಟ್ಟು. ಅಬು ಮನೆಯಲ್ಲಿ ನಾನು ಸ್ನಾನ ಮಾಡಿದ ನೀರು ಬಕೆಟಿನಲ್ಲಿ ಹಿಡಿದಿಟ್ಟು ನೆಲ ಒರೆಸುತ್ತಿದ್ದರು. ಎರಡನೇ ವಾರದಿಂದ ನಾನೇ ಹಿಡಿದಿಡುತ್ತಿದ್ದೆ.

ಹೊಸ ತೊಟ್ಟಿ ಕಟ್ಟೋ ಹಾಗಿಲ್ಲ. ಇಸ್ರೇಲ್ ಮತ್ತು ಪ್ಯಾಲೆಸ್ತೀನಿ ನಾಯಕರ ನಡುವಿನ 1995ರ ಓಸ್ಲೋ ಎರಡನೇ ಒಪ್ಪಂದದಲ್ಲಿ ವೆಸ್ಟ್ ಬ್ಯಾಂಕ್‌ನ ಸುಮಾರು 60% "ಏರಿಯಾ ಸಿ" ಆಯಿತು, ಅಲ್ಲಿ ಕಟ್ಟಡದ ಅನುಮತಿ ಇಸ್ರೇಲಿ ಸೈನ್ಯದ ಕೈಯಲ್ಲಿ. ಪ್ಯಾಲೆಸ್ತೀನಿಗಳ ಅರ್ಜಿ ಒಪ್ಪಿಗೆ ಆಗೋದು ತೀರಾ ಅಪರೂಪ. ಆದ್ದರಿಂದ ಶೌಚಾಲಯ ಕಟ್ಟಿದರೂ ಅಕ್ರಮ, ಕುರಿದೊಡ್ಡಿಗೆ ತಗಡು ಹೊದಿಸಿದರೂ ಅಕ್ರಮ.

ಒಲೆ ಕೂಡ! ಉಮ್ ಅಲ್ ಖೈರ್ ಅಂತ ಒಂದು ಬೆದವೀನ್ (ಅಲೆಮಾರಿ ಮೂಲದ ಅರಬ್ ಕುರಿಗಾಹಿಗಳ) ಊರಿದೆ. 1948ರ ನಂತರದ ವರ್ಷಗಳಲ್ಲಿ, ಈಗ ಇಸ್ರೇಲಿನಲ್ಲಿರುವ ಅರಾದ್ ಕಡೆಯಿಂದ ಬಂದು ನೆಲೆಸಿದವರು. ಬೇಲಿಯ ಆ ಕಡೆ ಕಾರ್ಮೆಲ್ ವಸಾಹತು, ಹಸಿರು ಹುಲ್ಲು, ಸಾಲು ಮನೆ. ಈ ಕಡೆ ರೊಟ್ಟಿ ಸುಡುವ ಟಬೂನ್ ಒಲೆ. ಅದಕ್ಕೆ ಕುರಿ ಹಿಕ್ಕೆಯೇ ಉರುವಲು, ರಾತ್ರಿಯಿಡೀ ಬೂದಿ ಮುಚ್ಚಿದ ಕೆಂಡ. ಹೊಗೆ ನಮ್ಮ ಮನೆಗೆ ಬರುತ್ತದೆ ಅಂತ ಆ ಕಡೆಯವರು ದೂರು ಕೊಟ್ಟರು. ಒಲೆಯನ್ನು ಬುಲ್ಡೋಜರ್ ತಂದು ಕೆಡವಿದರು. ಮತ್ತೆ ಕಟ್ಟಿದರು, ಮತ್ತೆ ಕೆಡವಿದರು. ಮಣ್ಣಿನ ಒಲೆಗೆ ಬುಲ್ಡೋಜರ್ ಅಂತೆ!

---

ಉಡುಪಿ_ಬೇರ್‌ಶೆಬಾ
ಉಮ್ ಅಲ್ ಖೈರ್ ಹೆಸರು 2025ರಲ್ಲಿ ಇಲ್ಲಿಯ ಸುದ್ದಿಯಲ್ಲೂ ಬಂತು. ಔದಾ ಹಥಲೀನ್ ಅನ್ನೋ ಇಂಗ್ಲಿಷ್ ಮೇಷ್ಟ್ರು, ಜುಲೈ 28ಕ್ಕೆ ಗುಂಡೇಟಿಗೆ ಸತ್ತದ್ದು.

---

ತುಂಗಾತೀರ
ಹೌದು. ಒಂದು ಅಗೆಯುವ ಯಂತ್ರ ಊರಿನ ಜಾಗಕ್ಕೆ ನುಗ್ಗಿತು, ಗಲಾಟೆಯಾಯಿತು, ಗುಂಡು ಹಾರಿತು. ಔದಾ ಅವರು ಊರಿನ ಸಮುದಾಯ ಭವನದ ಹತ್ತಿರ ನಿಂತು ವಿಡಿಯೋ ಮಾಡುತ್ತಿದ್ದರು. ಬಂಧಿಸಿದ ವಸಾಹತುಗಾರನನ್ನು ಮೊದಲು ಗೃಹಬಂಧನಕ್ಕೆ ಕಳಿಸಿದರು, ಆಮೇಲೆ ಬಿಟ್ಟರು. ಅವನ ಮೇಲೆ ಅಮೆರಿಕ 2024ರಲ್ಲೇ ನಿರ್ಬಂಧ ಹಾಕಿತ್ತು. 2025ರ ಜನವರಿಯಲ್ಲಿ ಅಮೆರಿಕದ ಹೊಸ ಸರಕಾರ ಅದನ್ನು ತೆಗೆದುಹಾಕಿತು. ಹೆಣವನ್ನು ವಾರಕ್ಕಿಂತ ಜಾಸ್ತಿ ಕೊಡಲಿಲ್ಲ. ಊರಿನ ಹೆಂಗಸರು ಉಪವಾಸ ಕೂತರು.

ಮಾತಾಡುವ ಮೇಷ್ಟ್ರೊಬ್ಬರು ಇದ್ದರು, ಹೋದರು. ಇದರ ಬಗ್ಗೆ ನನಗೆ ಇನ್ನೂ ಬರೆಯೋಕೆ ಆಗುವುದಿಲ್ಲ, ಕ್ಷಮಿಸಿ.

---

ಪ್ರಶ್ನೆ_ಮಾರ್ಕ್
ಒಂದು ಕೊನೆಯ ಪ್ರಶ್ನೆ, ತಪ್ಪು ತಿಳಿಯಬೇಡಿ. ಇಷ್ಟು ಕಷ್ಟ ಇದ್ದರೆ ಪಟ್ಟಣಕ್ಕೆ ಹೋಗಬಹುದಲ್ವಾ? ಯತ್ತಾ ಪಕ್ಕದಲ್ಲೇ ಇದೆ ಅಂತೀರಿ.

---

ಲಾಯರ್_ಅಲ್ಲ
ಹೋದವರ ಕಥೆ ಹೇಳುತ್ತೇನೆ. ಖಿರ್ಬೆತ್ ಝನೂತಾ ಅನ್ನೋ ಊರು, ಸುಮಾರು 250 ಜನ. 2023ರ ಅಕ್ಟೋಬರ್ ಕೊನೆಗೆ ದಾಳಿ ತಡೆಯಲಾಗದೆ ತಾವೇ ಮನೆಯ ತಗಡು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು. ಬಿಟ್ಟ ಮೇಲೆ ಶಾಲೆಯೂ ನೆಲಸಮ ಆಯಿತು. ಹೈಕೋರ್ಟಿಗೆ ಹೋದರು. 2024ರ ಜುಲೈನಲ್ಲಿ ಕೋರ್ಟು ವಾಪಸ್ ಹೋಗಲು ಬಿಡಿ, ರಕ್ಷಣೆ ಕೊಡಿ ಅಂತ ಹೇಳಿತು. ಆಗಸ್ಟ್‌ನಲ್ಲಿ ಒಂದಷ್ಟು ಜನ ವಾಪಸ್ ಬಂದರು. ಮನೆಗೆ ಮಾಡು ಹಾಕುವ ಹಾಗಿಲ್ಲ, ಕುರಿ ಹೊರಗೆ ಬಿಡುವ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಮತ್ತೆ ಖಾಲಿ.

ಕೋರ್ಟಿನಲ್ಲಿ ಗೆದ್ದೂ ಸೋತರು. ಕಂಬಳಿ_ಕೋಲು ಮೇಲೆ ಹೇಳಿದ್ದು ಇದನ್ನೇ.

---

ಕಂಬಳಿ_ಕೋಲು
ಪಟ್ಟಣಕ್ಕೆ ಹೋದರೆ ಕುರಿ ಎಲ್ಲಿ ಕಟ್ಟುತ್ತಾನೆ ಸರ್? ನಮ್ಮಪ್ಪ ಎರಡು ವರ್ಷ ಬೆಂಗಳೂರಿನಲ್ಲಿ ವಾಚ್‌ಮ್ಯಾನ್ ಆಗಿದ್ದ, ಬರ ಬಿದ್ದಾಗ. ರಾತ್ರಿ ನಿದ್ದೆಯಲ್ಲಿ "ಹುರ್ರಾ ಹುರ್ರಾ" ಅಂತಿದ್ದನಂತೆ. ಆದರೂ ಅವನಿಗೆ ವಾಪಸ್ ಬರೋಕೆ ಒಂದು ಬಯಲು ಇತ್ತು.

ಮೇಡಂ, ಆ ಅಬು ಈಗ ಹೇಗಿದ್ದಾರೆ?

---

ತುಂಗಾತೀರ
ಹೋದ ತಿಂಗಳು ಫೋನ್ ಮಾಡಿದ್ದೆ. ಮಗ ಇಂಗ್ಲಿಷ್ ಮಾತಾಡುತ್ತಾನೆ, ಅವನೇ ಮಧ್ಯೆ. ಈಗ ಆ ಇಳಿಜಾರಿಗೆ ಹೋಗೋದೇ ಇಲ್ಲ. ಮನೆಯಿಂದ ಇನ್ನೂರು ಮೀಟರ್ ಆಚೆ ಕುರಿ ಕಾಲಿಟ್ಟರೆ ಡ್ರೋನ್ ತಲೆ ಮೇಲೆ ಬರುತ್ತದಂತೆ, ಕುರಿ ಬೆದರುತ್ತವೆ. ಗೋಧಿ ಹಾಕಿದ್ದ ಸಣ್ಣ ಹೊಲಕ್ಕೆ ಆ ಕಡೆಯವರ ಮಂದೆ ಬಂದು ಮೇದು ಹೋಯಿತು. ಜಮೀದ್ ಈ ವರ್ಷ ಮಾರೋಕೆ ಆಗಿಲ್ಲ, ಮನೆಗೆ ಮಾತ್ರ. ರಾತ್ರಿ ಪಾಳಿಯಲ್ಲಿ ಎದ್ದಿರುತ್ತಾರೆ, ಶೂ ಹಾಕಿಕೊಂಡೇ ಮಲಗುತ್ತಾರೆ.

140 ಇದ್ದದ್ದು ಈಗ 38.

---

ಕಂಬಳಿ_ಕೋಲು
ಟಗರು?

---

ತುಂಗಾತೀರ
ಗೊತ್ತಿಲ್ಲ ಅಣ್ಣ, ಕೇಳಲಿಲ್ಲ. ಈಗ ಮೆಸೇಜ್ ಹಾಕುತ್ತೇನೆ.

---

ತುಂಗಾತೀರ
ಉತ್ತರ ಬಂತು. 37 ಹೆಣ್ಣು ಕುರಿ, ಒಂದು ಟಗರು. ಟಗರಿಗೆ ಒಳ್ಳೆ ರೇಟು ಕೇಳಿದ್ದರಂತೆ, ಮೂರು ಸಲ. ಯಾಕೆ ಕೇಳಿದಿರಿ?

---

ಕಂಬಳಿ_ಕೋಲು
ಬಿಟ್ಟು ಹೋಗೋನು ಮೊದಲು ಟಗರು ಮಾರ್ತಾನೆ ಮೇಡಂ.